ಸ್ಟುಡಿಯೋ ಇಲ್ಲದೆ ಎಮ್ಯುಲೇಟರ್ ಓಡಿಸಿದ್ದು

ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಇರುವುದು 8 ಜಿಬಿ ರ‍್ಯಾಮ್, ಅದರ ಮೇಲೆ ಉಬುಂಟು. ಆಂಡ್ರಾಯ್ಡ್ ಸ್ಟುಡಿಯೋ (ಫೋನಿನ ಆ್ಯಪ್ ಮಾಡುವ ತಂತ್ರಾಂಶ), ಬ್ರೌಸರ್, ಎಮ್ಯುಲೇಟರ್ (ಲ್ಯಾಪ್‌ಟಾಪಿನೊಳಗೆ ಓಡುವ ನಕಲಿ ಫೋನ್) ಮೂರನ್ನೂ ಒಟ್ಟಿಗೆ ತೆರೆದರೆ ಫ್ಯಾನು ಹಿಟ್ಟಿನ ಗಿರಣಿ ಆಗುತ್ತದೆ. ಕೋಡ್ ಬರೆಯೋಕೆ ಬೇರೆ ಎಡಿಟರ್ ಇದೆಯಲ್ಲ, ಸ್ಟುಡಿಯೋ ಯಾಕೆ ಅಂತ ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಓಡಿಸುವ ಕಮಾಂಡ್‌ಲೈನ್ ಟೂಲ್ಸ್‌ನ ಜಿಪ್ ಮಾತ್ರ ಇಳಿಸಿಕೊಂಡೆ. ಒಂದು ಗಂಟೆ ಕೆಲಸ ಅಂದುಕೊಂಡಿದ್ದೆ. ಎರಡು ದಿನ ಹಿಡಿಯಿತು.

ಮೊದಲ ತಕರಾರು ಫೋಲ್ಡರಿನದು. ಜಿಪ್ ಬಿಚ್ಚಿ, ಉಳಿದ ಭಾಗಗಳನ್ನು ಇಳಿಸಿಕೊಡುವ ಎಸ್‌ಡಿಕೆಮ್ಯಾನೇಜರ್ ಓಡಿಸಿದರೆ, ಎಸ್‌ಡಿಕೆ (ಆ್ಯಪ್ ಮಾಡುವ ಸಲಕರಣೆಗಳ ಗಂಟು) ಎಲ್ಲಿದೆ ಅಂತಲೇ ಗೊತ್ತಾಗುತ್ತಿಲ್ಲ ಎಂದಿತು. ಕಮಾಂಡ್‌ಲೈನ್ ಟೂಲ್ಸ್ ಫೋಲ್ಡರಿನ ಒಳಗೆ 'ಲೇಟೆಸ್ಟ್' ಅನ್ನೋ ಇನ್ನೊಂದು ಫೋಲ್ಡರ್ ಮಾಡಿ, ಬಿಚ್ಚಿದ್ದನ್ನೆಲ್ಲ ಅದರೊಳಗೆ ಹಾಕಬೇಕು. ಜಿಪ್ಪನ್ನೇ ಹಾಗೆ ಕಟ್ಟಿಕೊಟ್ಟಿದ್ದರೆ ಆಗುತ್ತಿತ್ತು, ಅಲ್ವಾ?

ಆಮೇಲೆ ಈ ಟೂಲ್‌ಗಳು ಓಡಲು ಬೇಕಾದ ಜಾವಾ. ಎರರ್‌ನಲ್ಲಿ ಕ್ಲಾಸ್ ಫೈಲ್ 61, ನಿನ್ನ ಹತ್ತಿರ ಇರುವುದು 55 ಅಂತ ಲೆಕ್ಕ ಬಂತು. 61 ಅಂದರೆ ಜಾವಾ 17, 55 ಅಂದರೆ ಜಾವಾ 11. ಹದಿನೇಳನ್ನು ಹಾಕಿದೆ, ಸರಿಹೋಯಿತು. ಲೈಸೆನ್ಸುಗಳಿಗೆಲ್ಲ ವೈ ಒತ್ತಿ, ಎಮ್ಯುಲೇಟರ್ ಮತ್ತು ಆಂಡ್ರಾಯ್ಡ್ 14ರ ಎಕ್ಸ್86-64 ಸಿಸ್ಟಮ್ ಇಮೇಜ್ (ನಕಲಿ ಫೋನಿನೊಳಗೆ ಓಡುವ ಆಂಡ್ರಾಯ್ಡ್) ಇಳಿಸಲು ಹಚ್ಚಿದೆ. ಆ ಇಮೇಜೇ ಒಂದು ಜಿಬಿಗಿಂತ ಜಾಸ್ತಿ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಒಂದೂವರೆ ಜಿಬಿ ಪ್ಲಾನ್ ಇಟ್ಟುಕೊಂಡವನ ಪಾಡು ನೀವೇ ಊಹಿಸಿ. ಪ್ಲೇ ಸ್ಟೋರ್ ಇರುವ ಇಮೇಜ್ ಬಿಟ್ಟು ಗೂಗಲ್ ಎಪಿಐ ಇರುವುದನ್ನು ಆರಿಸಿದೆ. ಪ್ಲೇ ಸ್ಟೋರಿನದರಲ್ಲಿ ಎಡಿಬಿ ರೂಟ್ (ಲ್ಯಾಪ್‌ಟಾಪಿನಿಂದ ಫೋನಿನೊಳಗೆ ಪೂರ್ತಿ ಅಧಿಕಾರ) ಕೊಡುವುದಿಲ್ಲ, ನನಗೆ ಡೇಟಾಬೇಸ್ ಫೈಲ್ ತೆಗೆದು ನೋಡಬೇಕಿತ್ತು.

ನಿಜವಾಗಿ ಸತಾಯಿಸಿದ್ದು ಕೆವಿಎಂ, ಅಂದರೆ ಪ್ರೊಸೆಸರಿನ ನೆರವಿನಿಂದ ನಕಲಿ ಯಂತ್ರಗಳನ್ನು ವೇಗವಾಗಿ ಓಡಿಸುವ ಲಿನಕ್ಸ್ ಸೌಲಭ್ಯ. ಎಮ್ಯುಲೇಟರ್ ಶುರು ಮಾಡಿದ ತಕ್ಷಣ, ಹಾರ್ಡ್‌ವೇರ್ ಆಕ್ಸಲರೇಶನ್ ಇಲ್ಲದೆ ಆಗಲ್ಲ ಅಂತ ಹೇಳಿ ನಿಂತುಬಿಟ್ಟಿತು. ಸಿಪಿಯು-ಚೆಕರ್ ಪ್ಯಾಕೇಜ್ ಹಾಕಿಕೊಂಡು, ಕೆವಿಎಂ ನಡೆಯುತ್ತದೆಯೇ ಅಂತ ಹೇಳುವ ಕೆವಿಎಂ-ಓಕೆ ಓಡಿಸಿದೆ. ಬಯಾಸ್‌ನಲ್ಲೇ (ಲ್ಯಾಪ್‌ಟಾಪ್ ಶುರುವಾಗುವಾಗಿನ ಸೆಟ್ಟಿಂಗ್) ಅದಕ್ಕೆ ಬೇಕಾದ ವರ್ಚುವಲೈಸೇಶನ್ ಆಫ್ ಆಗಿತ್ತು. ಆನ್ ಮಾಡಿ ಬಂದೆ. ಕೆವಿಎಂ-ಓಕೆ ಈಗ ಖುಷಿಯಾಗಿತ್ತು, ಎಮ್ಯುಲೇಟರ್ ಮಾತ್ರ ಅನುಮತಿ ಇಲ್ಲ ಅಂತ ಹೊಸ ರಾಗ ತೆಗೆಯಿತು. ಕೆವಿಎಂ ಗುಂಪಿನಲ್ಲಿ ನನ್ನ ಹೆಸರು ಇರಲಿಲ್ಲ. ಯೂಸರ್‌ಮಾಡ್ ಕಮಾಂಡ್‌ನಿಂದ ಸೇರಿಸಿದೆ. ಇಲ್ಲೊಂದು ಮಾತು: ದೊಡ್ಡ 'ಜಿ' ಜೊತೆ ಚಿಕ್ಕ 'ಎ' ಹಾಕೋದು ಮರೆತರೆ ಉಳಿದ ಗುಂಪುಗಳಿಂದೆಲ್ಲ ಹೆಸರು ಹೋಗುತ್ತದೆ, ಅಡ್ಮಿನ್ ಅಧಿಕಾರ ಕೊಡುವ ಸುಡೋ ಕೂಡ. ನಾನು ಅದನ್ನು ಮರೆಯಲಿಲ್ಲ. ಮರೆತದ್ದು ಲಾಗೌಟ್ ಆಗಿ ಒಳಬರುವುದನ್ನು. ಗುಂಪಿನ ಪಟ್ಟಿ ಸಿಗುವುದು ಲಾಗಿನ್ ಆಗುವಾಗ. ಹೊಸ ಟರ್ಮಿನಲ್ ಎಷ್ಟು ತೆರೆದರೂ ಹಳೇ ಪಟ್ಟಿಯೇ. ಅರ್ಧ ದಿನ ಸುಮ್ನೆ ಹಾಳಾಯಿತು.

ಕೊನೆಗೂ ಪರದೆ ಬಂತು. ಟೈಪ್ ಮಾಡಿದರೆ ಲ್ಯಾಪ್‌ಟಾಪಿನ ಕೀಬೋರ್ಡ್ ಕೆಲಸ ಮಾಡುತ್ತಿಲ್ಲ! ಎವಿಡಿಯ (ನಾನು ಮಾಡಿಕೊಂಡ ನಕಲಿ ಫೋನ್) ಕಾನ್ಫಿಗ್ ಫೈಲಿನಲ್ಲಿ ಕೀಬೋರ್ಡ್ ಸಾಲಿಗೆ 'ನೋ' ಇದ್ದದ್ದನ್ನು 'ಎಸ್' ಮಾಡಿದೆ. ಅಲ್ಲೇ ರ‍್ಯಾಮನ್ನು 2048 ಎಂಬಿಗೆ ಇಳಿಸಿದೆ. ಇಲ್ಲದಿದ್ದರೆ ಗ್ರೇಡಲ್ ಬಿಲ್ಡ್ (ಕೋಡಿನಿಂದ ಆ್ಯಪ್ ಕಟ್ಟುವ ಕೆಲಸ) ನಡುವೆಯೇ ಸಾಯುತ್ತಿತ್ತು.

ನಾನು ಮಾಡುತ್ತಿದ್ದದ್ದು ಹಾಲಿನ ಲೆಕ್ಕದ ಆ್ಯಪ್. ಸರ್ವರ್ ನನ್ನದೇ ಲ್ಯಾಪ್‌ಟಾಪಿನಲ್ಲಿ. ಆದರೆ ಎಮ್ಯುಲೇಟರ್ ಒಳಗೆ ಲೋಕಲ್‌ಹೋಸ್ಟ್ ('ಇದೇ ಯಂತ್ರ' ಅನ್ನೋ ವಿಳಾಸ) ಅಂದರೆ ಎಮ್ಯುಲೇಟರೇ. ಲ್ಯಾಪ್‌ಟಾಪ್ ಸಿಗಬೇಕಾದರೆ 10.0.2.2 ಅಂತ ಕೊಡಬೇಕು. ಆಂಡ್ರಾಯ್ಡ್ 9ರಿಂದ ಈಚೆಗೆ ಗೂಢಲಿಪಿ ಇಲ್ಲದ ಬರೀ ಎಚ್‌ಟಿಟಿಪಿಯನ್ನು ತಾನಾಗಿ ಬಿಡುವುದೂ ಇಲ್ಲ, ಡಿಬಗ್ ಬಿಲ್ಡಿಗೆ ಅದನ್ನೂ ಬೇರೆಯಾಗಿ ತೆರೆದೆ.

ಎಲ್ಲ ಆದ ಮೇಲೆ ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದೆ. 'ಉಳಿಸಿ' ಬಟನ್ ಚೆನ್ನಾಗಿತ್ತು. 'ಹಿಂದಿನ ತಿಂಗಳ ಲೆಕ್ಕ' ಬಟನ್‌ನಲ್ಲಿ ಒತ್ತು ಕತ್ತರಿಸಿ ಹೋಗಿ 'ಲೆಕ' ಆಗಿತ್ತು. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿದ್ದ ಎತ್ತರ ಅದು. ಆ ಸಾಲು ಅಳಿಸಿ ಮತ್ತೆ ಬಿಲ್ಡ್ ಕೊಟ್ಟು, ಚಹಾ ಮಾಡೋಕೆ ಎದ್ದೆ.