ಸಾಮಾಜಿಕ ಭದ್ರತೆಯ ಕಾನೂನು: ಕಾರ್ಮಿಕ ಸಂಘಗಳು ಎಲ್ಲಿ, ಹೇಗೆ ಒತ್ತಬೇಕು

ಸಂಬಳದ ಚೌಕಾಸಿಯಲ್ಲಿ ಎದುರಿಗೆ ಮಾಲೀಕನಿರುತ್ತಾನೆ; ಪಿಂಚಣಿ, ಆರೋಗ್ಯ ವಿಮೆಯ ಹೋರಾಟದಲ್ಲಿ ಹಣಕಾಸು ಇಲಾಖೆ. ಹಾಗಾಗಿ ಘೋಷಣೆಗೆ ಮೊದಲು ಲೆಕ್ಕ ಬೇಕು: ಎಷ್ಟು ಜನ, ಯಾವ ಸೌಲಭ್ಯ, ಯಾರ ವಂತಿಗೆ ಎಷ್ಟು, ಕಟ್ಟಲಾಗದವರ ಪಾಲು ಯಾರದು. 'ಎಲ್ಲರಿಗೂ ಪಿಂಚಣಿ' ಎಂದಷ್ಟೇ ಬರೆದ ಮನವಿಯನ್ನು 'ದುಡ್ಡಿಲ್ಲ' ಎಂಬ ಒಂದೇ ಮಾತು ಮುಗಿಸಿಬಿಡುತ್ತದೆ. ಅಳತೆಗೋಲಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1952ರ 102ನೇ ಒಡಂಬಡಿಕೆ ಇದೆ. ಅದರಲ್ಲಿ ಒಂಬತ್ತು ಬಗೆಯ ಭದ್ರತೆಗಳಿವೆ, ಅಂಗೀಕರಿಸುವ ದೇಶ ಕನಿಷ್ಠ ಮೂರನ್ನು ಒಪ್ಪಬೇಕು. ಅಸಂಘಟಿತರೇ ಹೆಚ್ಚಿರುವ ದೇಶಕ್ಕೆ ಎಲ್ಲರಿಗೂ ಕನಿಷ್ಠ ಭದ್ರತೆ ಇರಲಿ ಎನ್ನುವ, ಅದೇ ಸಂಸ್ಥೆಯ 2012ರ 202ನೇ ಶಿಫಾರಸು ಇನ್ನೂ ಚೆನ್ನಾಗಿ ಹೊಂದುತ್ತದೆ.

ನಂತರ ಕೂಟ. ತನ್ನ ಸದಸ್ಯರಿಗಷ್ಟೇ ಕೇಳುವ ಸಂಘವನ್ನು ಸರ್ಕಾರ 'ಸವಲತ್ತು ಪಡೆದ ಕೆಲವರು' ಎಂದು ಬದಿಗೆ ಸರಿಸುತ್ತದೆ, ಜನರೂ ನಂಬುತ್ತಾರೆ. ಇಂಡೋನೇಷ್ಯಾದಲ್ಲಿ 2004ರ ಸಾಮಾಜಿಕ ಭದ್ರತಾ ಕಾನೂನು ಕೊಟ್ಟ ಐದು ವರ್ಷದ ಗಡುವು ದಾಟಿದರೂ ಅದನ್ನು ಜಾರಿ ಮಾಡುವ ಸಂಸ್ಥೆ ಹುಟ್ಟಲಿಲ್ಲ. 2010ರಲ್ಲಿ ಕಾರ್ಮಿಕ ಒಕ್ಕೂಟಗಳು ರೈತರು, ಮನೆಗೆಲಸದವರು, ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಕ್ರಿಯಾ ಸಮಿತಿ ಕಟ್ಟಿದವು. ಆರೋಗ್ಯ ರಕ್ಷಣೆ ಇಡೀ ದೇಶಕ್ಕೆ ಎಂಬುದು ಬೇಡಿಕೆ. ಒಂದು ಕಡೆ ಜಕಾರ್ತಾದ ನ್ಯಾಯಾಲಯದಲ್ಲಿ ದಾವೆ, ಇನ್ನೊಂದು ಕಡೆ ಸಂಸತ್ತಿನೆದುರು ಮೆರವಣಿಗೆ, ನಡುವೆ ಮಸೂದೆಯ ಒಂದೊಂದು ಕಲಮಿನ ಬೆನ್ನಟ್ಟುವಿಕೆ. 2011ರ ಅಕ್ಟೋಬರ್‌ನಲ್ಲಿ ಮಸೂದೆ ಅಂಗೀಕಾರವಾಯಿತು. 2014ರ ಜನವರಿ 1ರಿಂದ ಆರೋಗ್ಯ ಯೋಜನೆ ಶುರುವಾಯಿತು. ಬೀದಿ ಮಾತ್ರವೋ ಕೋರ್ಟು ಮಾತ್ರವೋ ಆಗಿದ್ದರೆ ಇದು ಕಷ್ಟವಿತ್ತು.

ಒತ್ತಡಕ್ಕೆ ಜಾಗವೂ ಹೊತ್ತೂ ಮುಖ್ಯ. ಬಜೆಟ್ ಮಂಡನೆಯ ದಿನದ ಧರಣಿ ತಡವಾದ ಧರಣಿ. ಇಲಾಖೆಗಳ ಖರ್ಚಿನ ಮಿತಿ ತಿಂಗಳುಗಳ ಮೊದಲೇ ನಿಗದಿಯಾಗಿರುತ್ತದೆ. ನೀತಿಯ ವಿಷಯಕ್ಕೆ ಮುಷ್ಕರ ಕಾನೂನುಬದ್ಧವೇ ಎಂದೂ ಮೊದಲೇ ನೋಡಿ. ದಕ್ಷಿಣ ಆಫ್ರಿಕಾದ 1995ರ ಕಾರ್ಮಿಕ ಸಂಬಂಧಗಳ ಕಾನೂನಿನ 77ನೇ ಕಲಮು ಅದಕ್ಕೆ ರಕ್ಷಣೆ ಕೊಡುತ್ತದೆ. ಆದರೆ ಸರ್ಕಾರ, ಉದ್ಯಮ, ಕಾರ್ಮಿಕರು, ಸಮುದಾಯ ಕೂರುವ ನೆಡ್ಲಾಕ್ ಮಂಡಳಿಗೆ ಮೊದಲು ಕಾರಣ ತಿಳಿಸಬೇಕು, ಆಮೇಲೆ ಕನಿಷ್ಠ 14 ದಿನದ ನೋಟಿಸು. ನೋಟಿಸು ತಪ್ಪಿದರೆ ರಕ್ಷಣೆಯೂ ಹೋಯಿತು.

ಸಂಘ ಕಟ್ಟಿದವರನ್ನೇ ಜೈಲಿಗಟ್ಟುವ ಕಡೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಂಘಟನಾ ಸ್ವಾತಂತ್ರ್ಯ ಸಮಿತಿಗೆ ದೂರು ಕೊಡಬಹುದು. ಸಂಘ ಕಟ್ಟುವ, ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕುಗಳ 87, 98ನೇ ಒಡಂಬಡಿಕೆಗಳನ್ನು ದೇಶ ಅಂಗೀಕರಿಸಿರಲೇಬೇಕೆಂದಿಲ್ಲ. ದಿನಾಂಕ, ಹೆಸರು, ಆದೇಶದ ಪ್ರತಿ ಜೊತೆಗಿರಲಿ. ಆ ಸಮಿತಿ ಶಿಕ್ಷೆ ವಿಧಿಸದು, ಮುಜುಗರ ಮಾಡಬಲ್ಲದು.

ಕಾನೂನು ಪಾಸಾದ ದಿನ ಮೈಮರೆಯುವ ಸಂಘಗಳೇ ಹೆಚ್ಚು. ವಂತಿಗೆಯ ದರ, ನೋಂದಣಿಗೆ ಕೇಳುವ ದಾಖಲೆ, ಅನುದಾನಕ್ಕೆ ಅರ್ಹರು ಯಾರೆಂಬುದು ನಿಯಮಾವಳಿಯಲ್ಲಿ ತೀರ್ಮಾನವಾಗುತ್ತದೆ. ಮೇಲ್ವಿಚಾರಣಾ ಮಂಡಳಿಯ ಕುರ್ಚಿಗಳನ್ನಂತೂ ಕಾನೂನಿನಲ್ಲೇ ಬರೆಸಿಕೊಳ್ಳಿ. ಇಂಡೋನೇಷ್ಯಾದ ಮಂಡಳಿಯ ಏಳರಲ್ಲಿ ಎರಡು ಕುರ್ಚಿ ಕಾರ್ಮಿಕರದು.