ಮಳೆಗಾಲದ ಬೈಂದೂರು: ಸಂಜೆ ಬಿಟ್ಟು ಬೆಳಿಗ್ಗೆ ಹೋದೆ

ಮಳೆಗಾಲದಲ್ಲಿ ಬೈಂದೂರಿನ ಸೋಮೇಶ್ವರ ಕಡಲು ನೋಡಲು ಮೂರು ಸಲ ಹೋದೆ. ಎರಡು ಸಲ ಕಾಲಿಡಲು ಮರಳೇ ಇರಲಿಲ್ಲ. ಮೂರನೇ ಸಲ ಬಂಡೆಗಳ ಬುಡದವರೆಗೂ ನಡೆದೆವು. "ಜುಲೈಯಲ್ಲಿ ಅಲ್ಲಿ ಎಂಥ ಉಂಟು ಮಾರಾಯಾ?" ಎಂದಿದ್ದ ಗೆಳೆಯರೇ ಈಗ ತಾರೀಕು ಕೇಳುತ್ತಿದ್ದಾರೆ.

ಮೊದಲ ಸಲ ಮಂಗಳೂರಿನಿಂದ ಬಾಡಿಗೆ ಕಾರು. ವೈಟಿಂಗ್ ಸೇರಿ ನಾಲ್ಕೂವರೆ ಸಾವಿರದಷ್ಟು ಹೋಯಿತು. ಸಂಜೆ ತಲುಪಿದರೆ ಅಲೆ ಕಲ್ಲಿಗೆ ಬಡಿಯುತ್ತಿತ್ತು. ಇಪ್ಪತ್ತು ನಿಮಿಷ ನಿಂತು ವಾಪಸ್.

ಎರಡನೇ ಸಲ ರೈಲಿಗೆ ಹೊರಟೆ. ಕೊಂಕಣ ಮಾರ್ಗಕ್ಕೆ ಮಳೆಗಾಲದಲ್ಲಿ ವೇಳಾಪಟ್ಟಿ ಬೇರೆ. ಗೊತ್ತಿದ್ದೂ ನೋಡಿರಲಿಲ್ಲ. ಮತ್ಸ್ಯಗಂಧ ರೈಲು ಆಗಲೇ ಹೋಗಿತ್ತು. ಬಸ್ಸು ಹತ್ತಿದೆ. ಮರವಂತೆಯಲ್ಲಿ ಎಡಕ್ಕೆ ಕೆರಳಿದ ಕಡಲು, ಬಲಕ್ಕೆ ತುಂಬಿದ ಸೌಪರ್ಣಿಕಾ, ನಡುವೆ ನಮ್ಮ ಬಸ್ಸು. ಅಷ್ಟಕ್ಕೇ ಟಿಕೆಟಿನ ದುಡ್ಡು ಸಂದಿತು. ಬೈಂದೂರು ಮುಟ್ಟುವಾಗ ಕತ್ತಲು. ಲಾಡ್ಜಿಗೆ ಸಾವಿರದ ಚಿಲ್ಲರೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ನೀರು ಮತ್ತೆ ಮೇಲಕ್ಕೆ. ಚಹಾದಂಗಡಿಯ ಅಜ್ಜ "ಬೇಗ ಬರ್ಕಿತ್ತ್ ಅಲ್ದಾ" ಎಂದರು.

ಆ ಮಾತು ತಲೆಯಲ್ಲಿ ಕೂತಿತು. ನಾವೆಲ್ಲ ಸಂಜೆ ಹೋಗುವುದು ಸೂರ್ಯ ಮುಳುಗುವುದನ್ನು ನೋಡಲು. ಜುಲೈಯಲ್ಲಿ ಸೂರ್ಯ ಎಲ್ಲಿ ಕಾಣುತ್ತಾನೆ? ಮನೆಗೆ ಬಂದು ಉಬ್ಬರ-ಇಳಿತದ ಪಟ್ಟಿ ಹಿಡಿದು ಕೂತೆ. ಮಳೆಗಾಲದ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುವುದು ಬೆಳಗಿನ ಜಾವ. ಸಂಜೆಯ ಇಳಿತ ಅಷ್ಟಕ್ಕಷ್ಟೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಅಮಾವಾಸ್ಯೆ ಕಳೆದು ಎರಡು ದಿನ ಬಿಟ್ಟೆ. ಬೆಳಿಗ್ಗೆ ಆರೂವರೆಯ ಹೊತ್ತಿಗೆ ಇಳಿತ, ಬೆಳಕೂ ಆಗಿರುತ್ತದೆ. "ಅಮಾವಾಸ್ಯೆ ಹತ್ತಿರ ಕಡಲಿಗಾ?" ಎಂದು ಅಮ್ಮ ತಡೆದರು. ಪಟ್ಟಿ ತೋರಿಸಿ ಹೊರಟೆ.

ನಾಲ್ಕು ಜನ. ಹಿಂದಿನ ದಿನವೇ ರೈಲಿನಲ್ಲಿ ಹೋಗಿ ಉಳಿದೆವು. ರಾತ್ರಿಯೇ ಆಟೋಗೆ ಹೇಳಿಟ್ಟೆ. ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಆರೂಕಾಲಿಗೆ ಕಡಲ ಬದಿಗೆ ಬಂದರೆ ಅಗಲವಾದ ಒದ್ದೆ ಮರಳು, ನಮ್ಮದು ಬಿಟ್ಟು ಒಂದು ಹೆಜ್ಜೆ ಗುರುತಿಲ್ಲ! ಒತ್ತಿನೆಣೆ ಗುಡ್ಡದ ಮೇಲೆ ಮೋಡ ಕೂತಿತ್ತು. ಮುಕ್ಕಾಲು ಗಂಟೆ ನಡೆದೆವು. ನೀರಿಗೆ ಮಾತ್ರ ಯಾರೂ ಇಳಿಯಲಿಲ್ಲ. ಮಳೆಗಾಲದ ಕಡಲಿನ ಸೆಳೆತದ ಹತ್ತಿರ ಆಟವಿಲ್ಲ. ಯಾವ ಬಂಡೆಯ ಸಂದಿನಿಂದ ಆಚೆ ದಾಟಿದೆವು ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಮಳೆಗೆ ಕೊಡೆ ನಂಬಬೇಡಿ. ನಮ್ಮವು ಎರಡು ಮುರಿದವು. ನಾನು ಸುಮ್ನೆ ನೋಡೋಣ ಎಂದು ಗದ್ದೆ ನೆಟ್ಟಿಗೆ ತಲೆ, ಬೆನ್ನು ಮುಚ್ಚುವಂತೆ ಹಾಕುವ ಎಲೆಯ ಗೊರಬು ಒಯ್ದಿದ್ದೆ. ಬೆನ್ನು ಒಂದಿಷ್ಟೂ ನೆನೆಯಲಿಲ್ಲ, ಎರಡು ಕೈಯೂ ಖಾಲಿ. ಎದುರುಗಾಳಿಗೆ ಮಾತ್ರ ಮುಖವೆಲ್ಲ ನೀರು.

ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ. ಹಾಗಾಗಿ ತಾಜಾ ಮೀನಿನ ಆಸೆ ಬಿಟ್ಟು ಗಂಜಿ, ಒಣಮೀನಿನ ಚಟ್ನಿ ಕೇಳಿದೆವು. ಆ ಚಳಿಗೆ ಅದೇ ಸರಿ. ಎರಡೆರಡು ಸಲ ಬಡಿಸಿಕೊಂಡೆವು.