ಮಕ್ಕಳನ್ನು ಕಟ್ಟಿಕೊಂಡು ಮಲ್ಪೆಗೆ ಬರುವವರಿಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಮಕ್ಕಳ ಜೊತೆ ನಮ್ಮೂರ ಕಡೆ ಬರುವವರು ಬಹಳ ಸಲ ಉದ್ದದ ಪಟ್ಟಿ ಹಿಡಿದುಕೊಂಡೇ ಬರುತ್ತಾರೆ. ಉಡುಪಿ, ಮಲ್ಪೆ, ಕೊಲ್ಲೂರು, ಮುರುಡೇಶ್ವರ, ಧರ್ಮಸ್ಥಳ, ಎಲ್ಲವೂ ಎರಡೇ ದಿನದಲ್ಲಿ. ಉಡುಪಿಯಿಂದ ಮುರುಡೇಶ್ವರಕ್ಕೆ ಒಂದು ಕಡೆಗೇ ಸುಮಾರು 100 ಕಿಲೋಮೀಟರ್. ಧರ್ಮಸ್ಥಳವೂ ಹೆಚ್ಚುಕಡಿಮೆ ಅಷ್ಟೇ ದೂರ, ಅದೂ ಬೇರೆ ದಿಕ್ಕಿನಲ್ಲಿ. ಹೀಗೆ ಓಡಾಡಿದರೆ ಮಕ್ಕಳಿಗೆ ಸಿಗುವುದು ಕಾರಿನ ಹಿಂದಿನ ಸೀಟು ಮಾತ್ರ. ಆ ಪಟ್ಟಿಯನ್ನು ಮಡಚಿಡಿ. ಮೂರು ರಾತ್ರಿ ಒಂದೇ ಕಡೆ ಉಳಿಯಿರಿ, ಅರ್ಧ ದಿನಕ್ಕೆ ಒಂದೇ ಕೆಲಸ ಇಟ್ಟುಕೊಳ್ಳಿ. ಮಲ್ಪೆ ಅಂದರೆ ಬೀಚ್ ಮಾತ್ರ ಅಲ್ಲ, ಅದು ದುಡಿಯುವ ಬಂದರು. ಮಕ್ಕಳಿಗೆ ತೋರಿಸಬೇಕಾದ್ದು ಮೊದಲು ಅದನ್ನೇ.

ಯಾವಾಗ ಬರುವುದು? ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಅಂತ ಎಲ್ಲರೂ ಬರುತ್ತಾರೆ, ಆದರೆ ಆಗ ಇಲ್ಲಿನ ಸೆಕೆ ಘಟ್ಟದ ಮೇಲಿನವರಿಗೆ ತಡೆಯುವುದು ಕಷ್ಟ. ಥರ್ಮಾಮೀಟರ್ 34 ತೋರಿಸಿದರೂ ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದೇ ಇಲ್ಲ, ಚಿಕ್ಕ ಮಕ್ಕಳು ಮಧ್ಯಾಹ್ನಕ್ಕೆ ಬಾಡಿಹೋಗುತ್ತಾರೆ. ಬೇರೆ ದಾರಿಯೇ ಇಲ್ಲ ಅಂದರೆ ಏಪ್ರಿಲ್ ಮೊದಲ ವಾರದಲ್ಲೇ ಬನ್ನಿ. ಮಧ್ಯಾಹ್ನ 11ರಿಂದ 4ರವರೆಗೆ ಹೊರಗೆ ಕರೆದುಕೊಂಡು ಹೋಗಬೇಡಿ. ಜೂನ್, ಜುಲೈ ಮಳೆ ನೋಡಲು ಬಹಳ ಚಂದ, ನನಗೆ ಇಷ್ಟದ ಕಾಲವೇ ಅದು. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಬೋಟುಗಳೆಲ್ಲ ಬಂದರಿನಲ್ಲೇ ಒತ್ತೊತ್ತಾಗಿ ನಿಂತಿರುತ್ತವೆ. ಮೀನು ಮೊಟ್ಟೆ ಇಡುವ ಕಾಲ ಅದು. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟುಗಳಂತೂ ಮೇ ತಿಂಗಳ ಎರಡನೇ ಅರ್ಧಕ್ಕೇ ನಿಲ್ಲುತ್ತವೆ, ಮತ್ತೆ ಶುರುವಾಗಲು ಕಡಲು ಶಾಂತವಾಗಬೇಕು. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರವನ್ನೂ ಬಿಡಿ, ಬೀಚಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇನ್ನೊಂದು ಮಾತು: ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳಲ್ಲಿ, ಜನವರಿ 18ರಂದು ಉಡುಪಿ ಕೃಷ್ಣ ಮಠದ ಪೂಜೆಯ ಸರದಿ ಬದಲಾಗುವ ಪರ್ಯಾಯ ನಡೆಯುತ್ತದೆ. ನೋಡಬೇಕಾದ ಹಬ್ಬವೇ ಹೌದು. ಆದರೆ ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಮೆರವಣಿಗೆ ರಾತ್ರಿ ಕಳೆದು ಬೆಳಗಿನ ಜಾವಕ್ಕೆ ಹೋಗುತ್ತದೆ. ಪುಟ್ಟ ಮಕ್ಕಳ ಜೊತೆ ಬೇಡ.

ಬರುವುದಕ್ಕೆ ರೈಲೇ ಆರಾಮ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದರೆ ಬೆಳಗಿನ ಜಾವಕ್ಕೇ ಉಡುಪಿ. ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ, ಅಲ್ಲಿಂದ ಮಲ್ಪೆಗೆ ಸುಮಾರು 10 ಕಿಲೋಮೀಟರ್. ಕಾರಿನಲ್ಲಿ ಆಗುಂಬೆ ಘಾಟಿ ಇಳಿದು ಬರುವವರು 14 ತಿರುವು ಇವೆ ಅನ್ನುವುದು ನೆನಪಿಟ್ಟುಕೊಂಡು ಮಕ್ಕಳಿಗೆ ತೀರ್ಥಹಳ್ಳಿಯಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ. ವಾಂತಿ ಮಾಡುವ ಮಗುವನ್ನು ಕಿಟಕಿ ಪಕ್ಕ ಕೂರಿಸಿ, ದೂರದ ಕಾಡು ನೋಡಲು ಹೇಳಿ, ಕೈಯಿಂದ ಮೊಬೈಲ್ ತೆಗೆದಿಡಿ.

ಉಳಿಯುವ ಜಾಗದ ಬಗ್ಗೆ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ. ಉಡುಪಿ ಪೇಟೆಯಲ್ಲಿ ರೂಮು ಮಾಡಿ ದಿನಕ್ಕೆರಡು ಸಲ ಮಲ್ಪೆಗೆ ಓಡಾಡುವುದಕ್ಕಿಂತ ಮಲ್ಪೆಯಲ್ಲೋ ವಡಭಾಂಡೇಶ್ವರದ ಹತ್ತಿರವೋ ಉಳಿದು ಒಂದು ದಿನ ಉಡುಪಿಗೆ ಹೋಗಿಬರುವುದು ಸಲೀಸು. ಮಲ್ಪೆಗೂ ಉಡುಪಿಗೂ ನಡುವೆ ಇರುವುದು 6 ಕಿಲೋಮೀಟರ್, ಸಿಟಿ ಬಸ್ಸು ಬೇಕಾದಷ್ಟಿವೆ. ಬಂದರಿಗೆ ಬೆಳಿಗ್ಗೆ ಬೇಗ ಹೋಗಬೇಕಲ್ವಾ, ಆಗ ಹತ್ತಿರ ಇದ್ದರೆ ಮಕ್ಕಳನ್ನು ಎಬ್ಬಿಸುವ ಜಗಳ ಅರ್ಧ ಕಡಿಮೆ. ಪೂರ್ತಿ ಶಾಂತಿ ಬೇಕು ಅನ್ನುವವರು ಕೋಡಿಬೆಂಗ್ರೆ ಕಡೆಯ ಹೋಮ್‌ಸ್ಟೇ ನೋಡಿ. ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು, ನಡುವೆ ತೆಂಗಿನ ತೋಟ. ಸ್ವರ್ಣಾ, ಸೀತಾ ಹೊಳೆಗಳು ಸಮುದ್ರ ಸೇರುವುದು ಅಲ್ಲೇ. ಆದರೆ ಅಂಗಡಿ, ಮೆಡಿಕಲ್, ಆಸ್ಪತ್ರೆ ದೂರ. ಎರಡು ವರ್ಷದೊಳಗಿನ ಮಗು ಇದ್ದರೆ ಮಲ್ಪೆಯೇ ಸರಿ. ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ: ರೂಮಿನಿಂದ ನೀರಿಗೆ ಗೇಟು ಬೇಲಿ ಏನಾದರೂ ಅಡ್ಡ ಇದೆಯಾ, ಬಾವಿಗೆ ಮುಚ್ಚಳ ಇದೆಯಾ, ಕರೆಂಟು ಹೋದರೆ ಫ್ಯಾನ್ ತಿರುಗುತ್ತದಾ.

ಈಗ ಬಂದರು. ಮೊದಲ ದಿನವೇ ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಹೋದರೆ ನೋಡಲು ಉಳಿಯುವುದು ಕಡಿಮೆ. ಮಕ್ಕಳಿಗೆ ರಾತ್ರಿಯೇ ಎರಡು ಮಾತು ಹೇಳಿಡಿ. ಒಂದು, ಅಲ್ಲಿ ಮೀನಿನ ವಾಸನೆ ಜೋರಾಗಿರುತ್ತದೆ, ಮೂಗು ಮುಚ್ಚಿಕೊಂಡು "ಛೀ" ಅನ್ನಬಾರದು, ಅದು ಅಲ್ಲಿಯವರ ಅನ್ನ. ಎರಡು, ಅಪ್ಪ ಅಮ್ಮನ ಕೈ ಬಿಡಬಾರದು. ಐಸಿನ ನೀರು, ಮೀನಿನ ಲೋಳೆ ಸೇರಿ ನೆಲ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಿ. ತಳ್ಳುಗಾಡಿ ಬರುವ ದಾರಿಗೆ ಅಡ್ಡ ನಿಲ್ಲದೆ ಒಂದು ಬದಿಗೆ ನಿಂತು ನೋಡಿ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ, ನಕ್ಕು ಹೂಂ ಅನ್ನುವವರೇ ಜಾಸ್ತಿ. ಬೇಡ ಅಂದರೆ ಬೇಡ.

ನೋಡುವುದಕ್ಕೆ ಎಷ್ಟಿದೆ ಅಂದರೆ ಮಕ್ಕಳಿಗೆ ಪ್ರಶ್ನೆ ಕೇಳಿ ಮುಗಿಯುವುದಿಲ್ಲ. ಆಳ ಸಮುದ್ರದ ಬೋಟುಗಳು ವಾರಕ್ಕಿಂತ ಜಾಸ್ತಿ ದಿನ ಕಡಲಲ್ಲೇ ಇದ್ದು ಬರುತ್ತವೆ, ಹಾಗಾದರೆ ಅಷ್ಟು ದಿನ ಮೀನು ಕೆಡದೆ ಇರುವುದು ಹೇಗೆ ಅಂತ ಮಕ್ಕಳನ್ನೇ ಕೇಳಿ, ಆಮೇಲೆ ಪುಡಿ ಮಾಡಿದ ಐಸ್ ಬೋಟಿನ ಹೊಟ್ಟೆಯೊಳಗೆ ಇಳಿಯುವುದನ್ನು ತೋರಿಸಿ. ಪರ್ಸೀನ್ ಬೋಟಿನ ಬಲೆ ಬೇರೆ, ಟ್ರಾಲ್ ಬಲೆ ಬೇರೆ: ಒಂದು ಮೀನಿನ ಹಿಂಡನ್ನು ಸುತ್ತುವರಿದು ಕೆಳಗಿನಿಂದ ಬಿಗಿಯುತ್ತದೆ, ಇನ್ನೊಂದನ್ನು ಬೋಟು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಬಲೆ ರಿಪೇರಿ ಮಾಡುತ್ತಾ ಕೂತವರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಏಲಂ, ಅಂದರೆ ಹರಾಜು, ನಡೆಯುವಾಗ ರೇಟು ಎಷ್ಟು ಬೇಗ ಏರುತ್ತದೆ ಅಂತ ದೊಡ್ಡ ಮಕ್ಕಳು ಕಿವಿಗೊಡಲಿ, ತುಳು ಬರದಿದ್ದರೂ ಗೊತ್ತಾಗುತ್ತದೆ. ಬುಟ್ಟಿ ಹಿಡಿದು ಮೀನು ಕೊಳ್ಳುವ ಹೆಂಗಸರು ವ್ಯಾಪಾರದಲ್ಲಿ ಎಷ್ಟು ಚುರುಕು ಅನ್ನುವುದನ್ನೂ ನೋಡಲಿ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಮಾಂಜಿ, ಎಟ್ಟಿ (ಸಿಗಡಿ): ಈ ಆರು ಹೆಸರು ಕಲಿಸಿ ಒಂದೊಂದಾಗಿ ಹುಡುಕಲು ಹೇಳಿ. ಒಂದು ಗಂಟೆ ಸಾಕು. ಬಿಸಿಲು ಏರುವ ಮೊದಲು ಹೊರಟು ಬಾಳೆಹಣ್ಣಿನ ಬನ್ಸ್ ತಿನ್ನಲು ಹೋಗಿ. ಅಂದಹಾಗೆ ಬಂದರಿನ ಬಳಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ, ಅಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಟಗ್ ಕಟ್ಟುತ್ತಾರೆ. ಒಳಗೆ ಬಿಡುವುದಿಲ್ಲ, ಆದರೆ ಮಕ್ಕಳಿಗೆ ಹೇಳಲು ಒಂದು ಒಳ್ಳೆಯ ವಿಷಯ.

ಸಂಜೆ ಸೀ ವಾಕ್‌ಗೆ ಹೋಗಿ. ಕಡಲಿಗೆ ಚಾಚಿದ ಆ ದಾರಿಯಲ್ಲಿ ನಿಂತರೆ ಹೊಳೆ ಕಡಲು ಸೇರುವ ಅಳಿವೆ ದಾಟುವ ಬೋಟುಗಳು ಹತ್ತಿರದಿಂದ ಕಾಣುತ್ತವೆ. ಬೆಳಿಗ್ಗೆ ನೋಡಿದ ಬೋಟಿನ ಹೆಸರು ಮಕ್ಕಳು ಗುರುತು ಹಿಡಿದರೆ ಅವರ ಸಂಭ್ರಮ ಹೇಳುವುದೇ ಬೇಡ. ಪಕ್ಕದ ಕಲ್ಲುಗಳ ಮೇಲೆ ಮಾತ್ರ ಇಳಿಯಲು ಬಿಡಬೇಡಿ, ಪಾಚಿ ಇರುತ್ತದೆ.

ಎರಡನೇ ದಿನ ಸೇಂಟ್ ಮೇರೀಸ್ ದ್ವೀಪ. ನಮ್ಮಲ್ಲಿ ತೋನ್ಸೆಪಾರ್ ಅಂತಲೂ ಹೇಳುತ್ತಾರೆ. ಬೆಳಗಿನ ಮೊದಲ ಬೋಟುಗಳಲ್ಲೇ ಹೋಗಿ, ಮಧ್ಯಾಹ್ನದ ಮೇಲೆ ಗಾಳಿ ಎದ್ದು ಬೋಟು ಜಾಸ್ತಿ ಹೊಯ್ದಾಡುತ್ತದೆ. ಲೈಫ್ ಜಾಕೆಟ್ ಮಗುವಿನ ಅಳತೆಯದ್ದೇ ಕೇಳಿ ಹಾಕಿಸಿ. ದೊಡ್ಡವರದ್ದನ್ನು ಸುಮ್ನೆ ಕೊರಳಿಗೆ ತೂಗು ಹಾಕಿದರೆ ನೀರಿಗೆ ಬಿದ್ದಾಗ ಅದೇ ಮೇಲಕ್ಕೆ ಜಾರಿ ಕಳಚಿಕೊಳ್ಳುತ್ತದೆ. ಸರಿಯಾದ ಅಳತೆ ಇಲ್ಲ ಅಂದರೆ ಆ ಬೋಟು ಬಿಟ್ಟುಬಿಡಿ. ಹತ್ತುವಾಗ ಇಳಿಯುವಾಗ ಒಬ್ಬರು ಮೊದಲು ಇಳಿದು ಮಗುವನ್ನು ತೆಗೆದುಕೊಳ್ಳಬೇಕು, ಬ್ಯಾಗು ಕೊನೆಗೆ.

ಆ ದ್ವೀಪದ ಕಲ್ಲುಗಳ ಕತೆ ಮಕ್ಕಳಿಗೆ ಹೇಳದೆ ಕರೆದುಕೊಂಡು ಹೋಗಬೇಡಿ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿತು, ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರಿಯುವ ಹಾಗೆ ಬಿರಿಯಿತು, ಆ ಬಿರುಕುಗಳು ಕೆಳಕ್ಕೆ ಇಳಿದು ಕಲ್ಲಿನ ಕಂಬಗಳಾದವು. ಹೆಚ್ಚಿನವು ಆರು ಮೂಲೆಯವು, ಐದು ಏಳು ಮೂಲೆಯವೂ ಸಿಗುತ್ತವೆ. ಹುಡುಕಿ ಎಣಿಸುವ ಕೆಲಸ ಮಕ್ಕಳಿಗೇ ಬಿಡಿ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದ ಅನ್ನುವ ಮಾತೂ ಇದೆ, ದ್ವೀಪಕ್ಕೆ ಆ ಹೆಸರು ಬಂದದ್ದು ಅವನಿಂದಲೇ ಅನ್ನುತ್ತಾರೆ. ನೆರಳು ಕಡಿಮೆ, ಟೋಪಿ ಬೇಕೇ ಬೇಕು. ಮರಳಿಗಿಂತ ಚಿಪ್ಪೇ ಜಾಸ್ತಿ ಇರುವ ಕಡೆ ಬರಿಗಾಲಲ್ಲಿ ನಡೆಸಿದರೆ ಕಾಲು ಕೊಯ್ಯುತ್ತದೆ. ಅಲೆ ಬಡಿಯುವ ಬದಿಯ ಕಲ್ಲಿನ ಮೇಲೆ ಸೆಲ್ಫಿಗೆ ಅಂತ ಹತ್ತಲೇಬೇಡಿ, ಅಲ್ಲಿ ಜೀವ ಹೋಗಿದೆ. ತಿಂಡಿಯ ಪ್ಲಾಸ್ಟಿಕ್ ಒಯ್ಯದೆ ಡಬ್ಬಿಯಲ್ಲಿ ತನ್ನಿ, ನೀರು ಸ್ಟೀಲ್ ಬಾಟಲಿಯಲ್ಲಿ. ಬರುವಾಗ ಚಿಪ್ಪು ಕಲ್ಲು ಏನೂ ತರಬೇಡಿ.

ಸಮುದ್ರಕ್ಕೆ ಇಳಿಯುವ ವಿಷಯದಲ್ಲಿ ನಾನು ಹೇಳುವುದನ್ನು ದಯವಿಟ್ಟು ಪೂರ್ತಿ ಓದಿ. ಕೆಂಪು ಬಾವುಟ ಇದ್ದರೆ ಪಾದ ಒದ್ದೆ ಮಾಡಿಕೊಳ್ಳುವುದೂ ಬೇಡ. ಲೈಫ್‌ಗಾರ್ಡ್ ಇರುವ ಕಡೆಯೇ ಇಳಿಯಿರಿ, ಅವರು ಸೀಟಿ ಊದಿದರೆ ವಾದ ಮಾಡಬೇಡಿ. ಘಟ್ಟದ ಮೇಲಿನವರು ಅಲೆ ಕಡಿಮೆ ಇರುವ ಜಾಗ ಸುರಕ್ಷಿತ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ತಲೆಕೆಳಗು. ಎರಡು ಕಡೆ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನಿದ್ದರೆ, ದಡಕ್ಕೆ ಬಂದ ನೀರು ವಾಪಸ್ ಕಡಲಿಗೆ ಹೋಗುವ ದಾರಿ ಅದೇ ಆಗಿರಬಹುದು. ಅಂಥ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರು ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಗೆ ಬರಬೇಕು. ಅಳಿವೆಯ ಹತ್ತಿರ ಯಾವ ಕಾಲಕ್ಕೂ ಸ್ನಾನ ಬೇಡ, ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಸೇರಿ ಎಳೆಯುತ್ತದೆ. ಚಿಕ್ಕವರಿಗೆ ಮೊಣಕಾಲಿನ ನೀರು ಸಾಕು. ಒಬ್ಬರು ಮಕ್ಕಳ ಜೊತೆ ನೀರಲ್ಲಿ, ಇನ್ನೊಬ್ಬರು ದಡದಲ್ಲಿ ಮೊಬೈಲ್ ನೋಡದೆ ಮಕ್ಕಳನ್ನೇ ನೋಡುತ್ತಾ. "ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ" ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಲೆಕ್ಕ.

ಊಟಕ್ಕೆ ಕಷ್ಟ ಇಲ್ಲ. ಮುಳ್ಳಿನ ಭಯ ಇರುವ ಮಕ್ಕಳಿಗೆ ಕಾಣೆ ರವಾ ಫ್ರೈ ಅಥವಾ ಅಂಜಲ್ ತುಂಡು ಕೊಡಿಸಿ. ಬೂತಾಯಿಯಲ್ಲಿ ಸಣ್ಣ ಮುಳ್ಳು ಜಾಸ್ತಿ, ಅದು ದೊಡ್ಡವರಿಗೆ. ಮೀನಿನ ಗಸಿ ಖಾರ ಆದರೆ ನೀರುದೋಸೆಗೆ ಬೆಲ್ಲ ಕಾಯಿ ಕೇಳಿ. ಸಸ್ಯಾಹಾರಿಗಳಿಗೆ ಉಡುಪಿ ರಥಬೀದಿಯ ಸುತ್ತಮುತ್ತ ಯೋಚನೆಯೇ ಬೇಡ. ಗೋಳಿಬಜೆ ಸಂಜೆ ಬಿಸಿಯಾಗಿ ತಿನ್ನಿ. ಗಡ್‌ಬಡ್ ಐಸ್‌ಕ್ರೀಮ್ ಒಂದು ಗ್ಲಾಸು ಇಬ್ಬರು ಮಕ್ಕಳಿಗೆ ಧಾರಾಳ ಸಾಕು.

ಉಡುಪಿ ಮಠಕ್ಕೆ ಹೋಗುವ ಮೊದಲು ವಡಭಾಂಡೇಶ್ವರದ ಬಲರಾಮ ದೇವಸ್ಥಾನಕ್ಕೆ ಹೋಗಿ, ಕಡಲು ಕಾಣುವ ಕಡೆ ಕೂತು ಕತೆ ಹೇಳಿ. ದ್ವಾರಕೆಯ ಕಡೆಯಿಂದ ಬಂದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಿತಂತೆ, ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ಅದನ್ನು ಪಾರು ಮಾಡಿದರಂತೆ, ಪ್ರತಿಯಾಗಿ ಅವರು ಕೇಳಿದ್ದು ಹಡಗಿನಲ್ಲಿದ್ದ ಗೋಪೀಚಂದನದ ಹೆಂಟೆಗಳನ್ನು ಮಾತ್ರ. ಒಂದರಲ್ಲಿ ಬಲರಾಮ ಇದ್ದ, ಅವನು ಇಲ್ಲೇ ಉಳಿದ. ಇನ್ನೊಂದರಲ್ಲಿದ್ದ ಕೃಷ್ಣ ಉಡುಪಿಗೆ ಹೋದ. ಈ ಕತೆ ಕೇಳಿದ ಮಕ್ಕಳು ಮಠದ ಕ್ಯೂನಲ್ಲಿ ಕಿರಿಕಿರಿ ಮಾಡುವುದು ಕಡಿಮೆ, ಒಂಬತ್ತು ತೂತಿನ ಬೆಳ್ಳಿ ಕಿಂಡಿಯಲ್ಲಿ ಆ ಕೃಷ್ಣನನ್ನೇ ಹುಡುಕುತ್ತಾರೆ. ಕನಕನ ಕಿಂಡಿಯ ಕತೆ ಹೇಗೂ ನಿಮಗೆ ಗೊತ್ತೇ ಇದೆ. ಗಂಡಸರು ಅಂಗಿ ತೆಗೆದು ಒಳಗೆ ಹೋಗುವ ಪದ್ಧತಿ, ಅದಕ್ಕೆ ತಯಾರಾಗಿರಿ. ನವೆಂಬರ್‌ನಿಂದ ಮೇ ನಡುವೆ ಬಂದಿದ್ದರೆ ರಾತ್ರಿ ಹತ್ತಿರದಲ್ಲಿ ಎಲ್ಲಿ ಯಕ್ಷಗಾನದ ಆಟ ಇದೆ ಅಂತ ಅಂಗಡಿಯವರನ್ನೇ ಕೇಳಿ. ಬಯಲಾಟಕ್ಕೆ ಟಿಕೆಟ್ ಇಲ್ಲ. ಚೆಂಡೆ ಶುರುವಾದ ಮೇಲೆ ಒಂದು ಗಂಟೆ ಕೂತರೂ ಮಕ್ಕಳಿಗೆ ಅದು ವರ್ಷಗಟ್ಟಲೆ ನೆನಪಿರುತ್ತದೆ.

ಮೂರನೇ ದಿನ ಕಾಪು ದೀಪಸ್ತಂಭ. 1901ರದ್ದು, ಸಂಜೆ ಹತ್ತಲು ಬಿಡುತ್ತಾರೆ. ಎತ್ತಿಕೊಳ್ಳುವ ಪ್ರಾಯದ ಮಗುವನ್ನು ಕೆಳಗೇ ಒಬ್ಬರ ಹತ್ತಿರ ಬಿಡಿ. ಕಾಪುವಿನ ನೀರಿನಲ್ಲಿ ಸೆಳೆತ ಜಾಸ್ತಿ, ಅಲ್ಲಿ ನೋಡುವುದಷ್ಟೇ. ಮಳೆ ಬಂದರೆ ಅಥವಾ ಬಿಸಿಲು ತಡೆಯಲಾಗದಿದ್ದರೆ ಮಣಿಪಾಲದ ಅಂಗರಚನಾ ಮ್ಯೂಸಿಯಂ ಇದೆ. ಹತ್ತು ದಾಟಿದ ಮಕ್ಕಳಿಗೆ ಬಹಳ ಒಳ್ಳೆಯದು, ಪುಟ್ಟವರು ಹೆದರಬಹುದು. ತೆರೆದಿರುವ ಹೊತ್ತು ಫೋನಿನಲ್ಲಿ ಕೇಳಿಕೊಂಡು ಹೋಗಿ.

ಬ್ಯಾಗಿನಲ್ಲಿ ಓಆರ್‌ಎಸ್, ಸೊಳ್ಳೆಗೆ ಹಚ್ಚುವ ಕ್ರೀಮ್, ಕೊಯ್ದ ಗಾಯಕ್ಕೆ ಬ್ಯಾಂಡೇಜ್, ಮಗುವಿಗೆ ಮೂರು ಜೊತೆ ಜಾಸ್ತಿ ಬಟ್ಟೆ. ಇಲ್ಲಿ ಒದ್ದೆ ಬಟ್ಟೆ ಒಂದೇ ರಾತ್ರಿಯಲ್ಲಿ ಒಣಗುವುದಿಲ್ಲ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಹೊರಡುವ ದಿನ ರೂಮು ಮಧ್ಯಾಹ್ನಕ್ಕೆ ಬಿಡಬೇಕಾಗುತ್ತದೆ, ರೈಲು ಇರುವುದು ಸಂಜೆಯೋ ರಾತ್ರಿಯೋ. ಸಾಮಾನು ಹೋಟೆಲಿನಲ್ಲೇ ಇಡಲು ಬಿಡುತ್ತಾರಾ, ಸಂಜೆ ಮಕ್ಕಳಿಗೆ ಮೈ ತೊಳೆಸಲು ಬಾತ್‌ರೂಮ್ ಸಿಗುತ್ತದಾ ಅಂತ ಬಂದ ದಿನವೇ ಕೇಳಿ ಒಪ್ಪಿಸಿಕೊಳ್ಳಿ, ಇಲ್ಲದಿದ್ದರೆ ಉಪ್ಪು ನೀರು ಮರಳು ಮೆತ್ತಿದ ಮೈಯಲ್ಲೇ ಮಕ್ಕಳು ರಾತ್ರಿಯಿಡೀ ರೈಲಿನಲ್ಲಿ ತುರಿಸಿಕೊಳ್ಳುತ್ತಾ ಮಲಗಬೇಕಾಗುತ್ತದೆ.